ಮಕ್ಕಳು ಒಂದು ದಿನ ಮುಂಚೆ ಬರುತ್ತಾರೆ

ಸಿಂಗಾಪುರದ ಟ್ಯಾಂಪಿನೀಸ್‌ನ ಆ ಮನೆಯಲ್ಲಿ ನನ್ನ ಮಗಳದ್ದು ಅಂತ ಇದ್ದದ್ದು ಫ್ರೀಜರಿನ ಒಂದು ಡ್ರಾಯರ್ ಮಾತ್ರ. ಅವಳು ಹುಟ್ಟಬೇಕಾದದ್ದಕ್ಕಿಂತ ಬಹಳ ಮುಂಚೆ ಹುಟ್ಟಿಬಿಟ್ಟಳು. ತೊಟ್ಟಿಲು ತಂದಿರಲಿಲ್ಲ, ಬಟ್ಟೆ ಕೊಂಡಿರಲಿಲ್ಲ. ಮಗು ಕೈಗೆ ಬರುವ ತನಕ ಏನೂ ತರಬಾರದು ಅಂತ ಮೈಸೂರಿನಿಂದ ಅತ್ತೆ ಫೋನಿನಲ್ಲೇ ಕಟ್ಟುನಿಟ್ಟು ಮಾಡಿದ್ದರು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅವಳು ಇದ್ದಷ್ಟು ದಿನ ನಾನು ಹಾಲು ಹಿಂಡಿ ಸಣ್ಣ ಸಣ್ಣ ಬಾಟಲಿಗಳಿಗೆ ತುಂಬುತ್ತಿದ್ದೆ. ನರ್ಸುಗಳು ಅದರಲ್ಲಿ ಹನಿ ಹನಿಯಾಗಿ ಅವಳ ಮೂಗಿನ ನಳಿಕೆಗೆ ಬಿಡುತ್ತಿದ್ದರು. ಮಿಕ್ಕದ್ದನ್ನು ಮನೆಗೆ ತಂದು ಆ ಡ್ರಾಯರಿನಲ್ಲಿ ಜೋಡಿಸುತ್ತಿದ್ದೆವು. ಅವಳು ಹೋದ ದಿನ ಆಸ್ಪತ್ರೆಯವರು ಅಲ್ಲಿ ಉಳಿದಿದ್ದ ಬಾಟಲಿಗಳನ್ನು ಒಂದು ನೀಲಿ ಚೀಲಕ್ಕೆ ಹಾಕಿ ನನ್ನ ಗಂಡನ ಕೈಗೆ ಕೊಟ್ಟು, "ಇದು ನಿಮ್ಮದು" ಅಂದರಂತೆ. ಮಗುವನ್ನು ತರಬೇಕಾದವನು ಹಾಲು ಹೊತ್ತುಕೊಂಡು ಮನೆಗೆ ಬಂದ.

ಎಳೆ ಕೂಸುಗಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಆದರೆ ಈ ಊರಲ್ಲಿ ಜಾಗವಿಲ್ಲ. ಹೂತವರನ್ನೂ ಕೆಲವು ವರ್ಷ ಕಳೆದ ಮೇಲೆ ಅಗೆದು ತೆಗೆಯುತ್ತಾರೆ ಅಂತ ಯಾರೋ ಹೇಳಿದ್ದನ್ನು ಕೇಳಿ ನನ್ನ ಗಂಡ ಸುಡಿಸುವುದೇ ಮೇಲು ಅಂದ. ನಾನಿನ್ನೂ ಎದ್ದು ಓಡಾಡುವ ಹಾಗಿರಲಿಲ್ಲ. ಮಂಡಾಯ್‌ನ ಚಿತಾಗಾರಕ್ಕೆ ಅವನೊಬ್ಬನೇ ಹೋದ. ಮಾರನೆಯ ದಿನ ದೋಣಿ ಬುಕ್ ಮಾಡಿ ಬೂದಿಯನ್ನು ಸಮುದ್ರಕ್ಕೆ ಬಿಟ್ಟು ಬಂದ. ಬಂದವನು ಸ್ನಾನ ಮಾಡಿ, ತಲೆ ಒರೆಸಿಕೊಳ್ಳುತ್ತಾ, "ಆಯ್ತು" ಅಂದ. ನಾನು "ಹೂಂ" ಅಂದೆ. ಆ ವಿಷಯದಲ್ಲಿ ನಮ್ಮಿಬ್ಬರ ನಡುವೆ ಮಾತು ನಡೆದದ್ದು ಅಷ್ಟೇ.

ಮುಂದೆ ಏನು ಮಾಡಬೇಕು ಅಂತ ದೇವಸ್ಥಾನದ ಪುರೋಹಿತರನ್ನು ಕೇಳಿದೆವು. "ಹಲ್ಲು ಮೂಡದ ಕೂಸಿಗೆ ಶ್ರಾದ್ಧವಿಲ್ಲ, ತಿಥಿಯಿಲ್ಲ. ನೀವು ಸೂತಕವನ್ನೂ ಹಿಡಿಯಬೇಕಾಗಿಲ್ಲ" ಅಂದರು. ಒಳ್ಳೆಯ ಸುದ್ದಿ ಕೊಡುವವರ ಹಾಗೆ, ಬಹಳ ಮೆತ್ತಗೆ ಹೇಳಿದರು. ಅತ್ತೆಯೂ ಅದನ್ನೇ ಅಂದರು, "ಬಂದ ದಾರಿಗೆ ಸುಂಕವಿಲ್ಲ ಅಂತ ಹೋಯ್ತು ಕಣಮ್ಮ. ಮರೆತುಬಿಡು. ನೀನು ನೆನೆಸಿಕೊಂಡಷ್ಟೂ ಅದಕ್ಕೆ ಬಂಧನ." ಹೆರಿಗೆ ರಜೆ ಮಾತ್ರ ಆಫೀಸಿನವರು ಕೊಟ್ಟ ಹಾಗೇ ಇತ್ತು. ಮಗುವಿಲ್ಲದ ಬಾಣಂತಿಯಾಗಿ ನಾನು ಮನೆಯಲ್ಲಿ ಕೂತಿದ್ದೆ. ಎದೆಯಲ್ಲಿ ಹಾಲು ಬರುವುದು ನಿಲ್ಲಲು ಬಹಳ ದಿನ ಹಿಡಿಯಿತು.

ಒಬ್ಬ ಹೆಂಗಸು ಬಂದು ನಮ್ಮ ಬಾಗಿಲು ತಟ್ಟಿದ್ದು ಅದೇ ದಿನಗಳಲ್ಲಿ, ದೀಪಾವಳಿ ಇನ್ನೇನು ಬಂತು ಅನ್ನುವಾಗ. ನಮ್ಮದೇ ಕಾರಿಡಾರಿನ ಕೊನೆಯ ಮನೆಯವಳು. ಲಿಫ್ಟಿನ ಹತ್ತಿರ ಒಂದೆರಡು ಸಲ ಕಂಡು ನಕ್ಕಿದ್ದಳು, ಅಷ್ಟೇ ಪರಿಚಯ. ಗಂಡ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರ್ ಅಂತಲೂ, ಇಬ್ಬರೂ ಮೆಕ್ಸಿಕೋದವರು ಅಂತಲೂ ಆಮೇಲೆ ಗೊತ್ತಾಯಿತು. ನನಗಿಂತ ಸ್ವಲ್ಪ ದೊಡ್ಡವಳು, ಗುಂಡು ಮುಖ, ಗಟ್ಟಿ ದನಿ. ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಚೆಂಡುಹೂವು.

"ನೀವು ಇಂಡಿಯನ್ ಅಲ್ವಾ? ಇದು ಇಲ್ಲಿ ಎಲ್ಲಿ ಸಿಗತ್ತೆ?"

"ತೆಕ್ಕಾ ಮಾರ್ಕೆಟ್ಟಿನಲ್ಲಿ ರಾಶಿ ರಾಶಿ ಸಿಗತ್ತೆ. ಎಷ್ಟು ಬೇಕು?"

"ರಾಶಿ ರಾಶಿನೇ ಬೇಕು" ಅಂದಳು.

ಮನೆಯಿಂದ ಹೊರಗೆ ಕಾಲಿಟ್ಟು ವಾರಗಳಾಗಿದ್ದವು. ಯಾಕೋ ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಎಂಆರ್‌ಟಿ ರೈಲು ಹತ್ತಿಬಿಟ್ಟೆ. ಲಿಟಲ್ ಇಂಡಿಯಾ ಹಬ್ಬದ ಗದ್ದಲದಲ್ಲಿ ತುಂಬಿಹೋಗಿತ್ತು. ಬಿಡಿ ಹೂವು ಸಿಗಲಿಲ್ಲ, ಬರೀ ಹಾರಗಳೇ. ಅವಳು ಎರಡು ಕೈ ತುಂಬ ಹಾರ ಕೊಂಡಳು. ವಾಪಸು ಬರುವಾಗ ರೈಲಿನಲ್ಲಿ ಕೂತು ಅವುಗಳ ದಾರ ಬಿಚ್ಚುತ್ತಾ, ಮಡಿಲಿಗೆ ಹೂ ಉದುರಿಸಿಕೊಳ್ಳುತ್ತಾ ಕೇಳಿದಳು, "ನಿಮ್ಮಲ್ಲಿ ಇದು ಯಾವುದಕ್ಕೆ?"

"ಹಬ್ಬಕ್ಕೆ. ಬಾಗಿಲಿಗೆ, ದೇವರಿಗೆ. ನಿಮ್ಮಲ್ಲಿ?"

"ಸತ್ತವರಿಗೆ" ಅಂದಳು. "ನವೆಂಬರ್ ಶುರುವಿನಲ್ಲಿ ಅವರು ಮನೆಗೆ ಬರ್ತಾರೆ. ಈ ಬಣ್ಣ, ಈ ವಾಸನೆ ಹಿಡಿದೇ ದಾರಿ ಗುರುತಿಸ್ತಾರೆ. ಹೂವಿಲ್ಲದಿದ್ದರೆ ಇಷ್ಟು ದೂರ, ಸಿಂಗಾಪುರಕ್ಕೆ ಹೇಗೆ ಬರಬೇಕು ಹೇಳಿ, ಪಾಪ."

ಊರಿನಿಂದ ಬರುವ ನೆಂಟರ ಬಗ್ಗೆ ಹೇಳುವಂತೆ ಹೇಳಿದಳು. ಅವರು ಬರುವುದರ ಬಗ್ಗೆ ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ದಾರಿ ತಪ್ಪಿಯಾರು ಅನ್ನುವುದೊಂದೇ ಚಿಂತೆ.

ಮುಂದಿನ ದಿನಗಳಲ್ಲಿ ನಾನು ದಿನವೂ ಅವಳ ಮನೆಗೆ ಹೋಗತೊಡಗಿದೆ. ನಡುಮನೆಯ ಗೋಡೆಗೆ ಒರಗಿಸಿ ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ಇಟ್ಟು ಮೆಟ್ಟಿಲು ಮಾಡಿದ್ದಳು, ನಮ್ಮ ಗೊಂಬೆ ಕೂರಿಸುವ ಮೆಟ್ಟಿಲಿನ ಹಾಗೇ. ಮೇಲೆ ಅವಳ ಅಪ್ಪನ ಫೋಟೋ, ಅಜ್ಜಿಯ ಫೋಟೋ. ಕೆಳಗೆ ಒಂದು ಲೋಟ ನೀರು, ಒಂದು ಬಟ್ಟಲು ಉಪ್ಪು, ಮೇಣದ ಬತ್ತಿಗಳು. ಅವಳ ಊರಿನ ಧೂಪ ಇಲ್ಲಿ ಸಿಗದೆ ಒದ್ದಾಡುತ್ತಿದ್ದಳು; ನಾನು ನಮ್ಮನೆಯ ಸಾಂಬ್ರಾಣಿ ತಂದುಕೊಟ್ಟೆ. ಮೂಸಿ ನೋಡಿ, "ಸುಮಾರಾಗಿ ಅದೇ" ಅಂದಳು. ಅಪ್ಪನಿಗೆ ಇಷ್ಟವೆಂದು ಮೂಳೆಯ ಆಕಾರದ ಪಟ್ಟಿಗಳಿರುವ ಬ್ರೆಡ್ಡು ಬೇಯಿಸಿದಳು. ಸಕ್ಕರೆಯಲ್ಲಿ ತಲೆಬುರುಡೆ ಮಾಡಲು ಹೊರಟದ್ದು ಮಾತ್ರ ಈ ಊರಿನ ಸೆಕೆಗೆ ಒಣಗಲೇ ಇಲ್ಲ. ತಟ್ಟೆಯಲ್ಲಿ ಬುರುಡೆಗಳು ಬೆವತು, ಕಣ್ಣಿನ ಗುಳಿಗಳಿಂದ ಪಾಕ ಸೋರಿ ಕುಸಿದವು. ನಾನು ಮೈಸೂರಿನಿಂದ ತಂದಿದ್ದ ಸಕ್ಕರೆ ಅಚ್ಚಿನ ಮರದ ಪಡಿಯಚ್ಚು ನೆನಪಾಯಿತು. ಮಗುವಿನ ಮೊದಲ ಸಂಕ್ರಾಂತಿಗೆ ಎಂದು ಎತ್ತಿಟ್ಟಿದ್ದೆ. ತೆಗೆದುಕೊಂಡು ಹೋಗಿ ಪಾಕ ಕಾಯಿಸಿ ಹುಯ್ದೆವು. ಆನೆ, ಗಿಳಿ, ತುಳಸಿಕಟ್ಟೆ.

"ಪರವಾಗಿಲ್ಲ. ಆನೆ ನೋಡಿ ಅಪ್ಪ ನಗ್ತಾನೆ" ಅಂದಳು. ಆಮೇಲೆ ನನ್ನ ಕಡೆ ತಿರುಗದೆ, ಒಲೆ ಒರೆಸುತ್ತಲೇ ಕೇಳಿದಳು, "ನಿಮ್ಮವರು ಯಾರಾದರೂ ಇದ್ದಾರಾ?"

ಹೇಳಿದೆ. ಹೊರಗಿನವರ ಹತ್ತಿರ ಹೇಳಿದ್ದು ಅದೇ ಮೊದಲು.

ಅವಳು ಅಯ್ಯೋ ಅನ್ನಲಿಲ್ಲ. ಕೈ ತೊಳೆದು ಬಂದು ಮೆಟ್ಟಿಲಿನ ಕೆಳಗಿನ ಸಾಲಿನಲ್ಲಿ ಇದ್ದದ್ದನ್ನೆಲ್ಲ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ಹಾಗಾದರೆ ಅವಳೇ ಮೊದಲು ಬರೋದು. ಮಕ್ಕಳು ದೊಡ್ಡವರಿಗಿಂತ ಒಂದು ದಿನ ಮುಂಚೆ ಬರ್ತಾರೆ, ನಡು ಮಧ್ಯಾಹ್ನಕ್ಕೆ. ಹೆಸರೇನು?"

"ಇಟ್ಟಿರಲಿಲ್ಲ."

"ಫೋಟೋ?"

ಗಂಡ ಫೋನಿನಲ್ಲಿ ತೆಗೆದದ್ದು ಒಂದಿತ್ತು. ಅದರಲ್ಲಿ ಪಟ್ಟಿ, ನಳಿಕೆ, ಟೋಪಿ ಇದ್ದವು. ಮುಖ ಇರಲಿಲ್ಲ.

"ಸರಿ. ಏನು ಇಷ್ಟ ಅವಳಿಗೆ? ತಿಂಡಿ, ಆಟದ ಸಾಮಾನು, ಹಾಡು, ಏನಾದರೂ?"

ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರಲ್ಲಿ ಎಲ್ಲರನ್ನೂ ಹಾಗೇ ಕೇಳುತ್ತಾರೆ. ಸತ್ತವರಿಗೆ ಏನು ಇಷ್ಟವೋ ಅದನ್ನೇ ಇಡಬೇಕು, ಆ ಆಸೆಗೇ ಅವರು ಬರುವುದು. ನಾನು ಯೋಚಿಸುತ್ತಾ ನಿಂತೆ. ಮಗಳ ಬಾಯಿಗೆ ಏನೂ ಬಿದ್ದಿರಲಿಲ್ಲ. ಹಾಲಿನ ರುಚಿ ಕೂಡ ಅವಳ ನಾಲಿಗೆಗೆ ಗೊತ್ತಾಗಿರಲಿಕ್ಕಿಲ್ಲ, ನಳಿಕೆಯಿಂದ ಸೀದಾ ಹೊಟ್ಟೆಗೆ ಹೋಗುತ್ತಿತ್ತು. ನನ್ನ ಬೆರಳನ್ನು ಒಮ್ಮೆ ಹಿಡಿದಿದ್ದಳು. ಎಲ್ಲ ಕೂಸುಗಳೂ ಹಾಗೆ ಹಿಡಿಯುತ್ತವೆ, ಅದು ಬರೀ ರಿಫ್ಲೆಕ್ಸ್ ಅಂತ ನರ್ಸ್ ಹೇಳಿದ್ದಳು.

"ಗೊತ್ತಿಲ್ಲ" ಅಂದೆ.

ಕೊನೆಗೆ, ಮಕ್ಕಳು ಬರುವ ದಿನ, ಒಂದು ಪುಟ್ಟ ಬಟ್ಟಲಿನಲ್ಲಿ ಪ್ಯಾಕೆಟ್ ಹಾಲು ಕಾಯಿಸಿ ಇಟ್ಟೆವು. ಫ್ರೀಜರಿನದ್ದನ್ನು ಆ ಹೊತ್ತಿಗಾಗಲೇ ಸಿಂಕಿಗೆ ಸುರಿದಾಗಿತ್ತು.

ಮಧ್ಯಾಹ್ನ ಆಯಿತು. ಹೂವಿನ ಎಸಳುಗಳನ್ನು ಅವಳು ಬಾಗಿಲಿನಿಂದ ಮೆಟ್ಟಿಲಿನ ತನಕ ಸಾಲಾಗಿ ಉದುರಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ ನನ್ನನ್ನು ಒಬ್ಬಳನ್ನೇ ಬಿಟ್ಟಳು. ನಾನು ನೆಲದ ಮೇಲೆ ಕೂತು ಆ ಹಾಲು ನೋಡಿದೆ. ಕೆಳಗೆ ವಾಯ್ಡ್ ಡೆಕ್‌ನಲ್ಲಿ, ಬ್ಲಾಕಿನ ಬುಡದ ತೆರೆದ ಜಾಗದಲ್ಲಿ, ಯಾರೋ ಕುರ್ಚಿಗಳನ್ನು ಎಳೆದಾಡುವ ಸದ್ದು. ಹಾಲಿಗೆ ಸಣ್ಣಗೆ ಕೆನೆ ಕಟ್ಟಿತು. ಏನೂ ಆಗಲಿಲ್ಲ. ಅವಳು ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತು, "ಬಂದಳಾ?" ಅಂದಾಗ "ಇಲ್ಲ" ಅಂದೆ.

"ಮೊದಲ ವರ್ಷ ಅಲ್ವಾ. ದಾರಿ ಗೊತ್ತಿರಲ್ಲ" ಅಂದಳು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ರೇಗಲಿಲ್ಲ. ಊಟದ ತಟ್ಟೆ ಪಕ್ಕಕ್ಕೆ ಸರಿಸಿ, "ಅದು ಎಲ್ಲಿದೆಯೋ ಅಲ್ಲೇ ಇರಲಿ ಬಿಡೇ. ವರ್ಷವರ್ಷ ಕರೆಸಿ ಮತ್ತೆ ಕಳಿಸೋದು ಅಂದ್ರೆ ಏನು? ನನ್ನ ಕೈಲಿ ಒಂದು ಸಲ ಆದದ್ದೇ ಸಾಕಾಗಿದೆ" ಅಂದ. ಅವನ ಮಾತು ಸರಿ ಅನ್ನಿಸಿತು. ಅದಕ್ಕೇ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮುಂದಿನ ವರ್ಷ ಮಹಾಲಯ ಅಮಾವಾಸ್ಯೆಗೆ ಮಾವನವರಿಗೆ ತರ್ಪಣ ಬಿಡಲು ಗಂಡ ದೇವಸ್ಥಾನಕ್ಕೆ ಹೋದಾಗ ನಾನೂ ಹೋಗಿದ್ದೆ. ಸಾಲಾಗಿ ಕೂತ ಗಂಡಸರು, ಎಳ್ಳು, ನೀರು, ದರ್ಭೆ. ಪುರೋಹಿತರು ಒಬ್ಬೊಬ್ಬರ ಹೆಸರು, ಗೋತ್ರ ಹೇಳಿಸುತ್ತಾ ಬಂದರು. ಅಪ್ಪ, ತಾತ, ಮುತ್ತಾತ, ಅಜ್ಜಿಯರು ಆದ ಮೇಲೆ, "ಬೇರೆ ಯಾರಾದರೂ ಇದ್ದರೆ ಹೇಳಿಕೊಳ್ಳಿ. ಅತ್ತೆ, ಸೋದರಮಾವ, ಗುರುಗಳು, ಸ್ನೇಹಿತರು, ಯಾರಾದರೂ" ಅಂದರು. ನಾನು ಹಿಂದೆ ಕಂಬಕ್ಕೆ ಒರಗಿ ನಿಂತಿದ್ದೆ. ಗಂಡನ ಬೆನ್ನು ಕಾಣುತ್ತಿತ್ತು.

"ಇಲ್ಲ, ಅಷ್ಟೇ" ಅಂದ.

ವಾಪಸು ಬರುವಾಗ ರೈಲಿನಲ್ಲಿ ಕೇಳಿದೆ, "ಹೇಳಬಹುದಿತ್ತಲ್ವಾ?"

"ಏನಂತ ಹೇಳಲಿ?" ಅಂದ. "ಹೆಸರು ಕೇಳ್ತಾರೆ."

ಆ ವರ್ಷ ಹೊಗೆಯ ಕಾಟ ಜೋರಾಗಿತ್ತು. ಸುಮಾತ್ರಾದ ಕಾಡಿನ ಬೆಂಕಿಯ ಹೊಗೆ ವಾರಗಟ್ಟಲೆ ಊರ ಮೇಲೆ ಕವಿದುಕೊಂಡು, ಎದುರಿನ ಬ್ಲಾಕೇ ಕಾಣದ ಹಾಗಾಗಿತ್ತು. ಎಲ್ಲರೂ ಕಿಟಕಿ ಮುಚ್ಚಿಕೊಂಡು ಇದ್ದೆವು. ಆ ಹೊಗೆಯಲ್ಲೇ ಮೆಕ್ಸಿಕೋದಿಂದ ಗೆಳತಿಯ ಅಮ್ಮ ಬಂದಿಳಿದಳು. ಕೊನೆಯ ಮನೆಯವಳು ಆ ಹೊತ್ತಿಗೆ ಗೆಳತಿ ಅನ್ನುವಷ್ಟು ಹತ್ತಿರವಾಗಿದ್ದಳು. ಅಮ್ಮ ಬರುವ ಕೆಲವು ದಿನ ಮುಂಚೆ ಅವಳು ನನಗೊಂದು ವಿಷಯ ಹೇಳಿದ್ದಳು.

ಅವಳಿಗೆ ಒಬ್ಬ ತಮ್ಮ ಇದ್ದ. ಲಾರಿ ಓಡಿಸುತ್ತಿದ್ದ. ಅವಳು ಸಿಂಗಾಪುರಕ್ಕೆ ಬರುವುದಕ್ಕೂ ಮೊದಲೇ, ಒಂದು ದಿನ ಉತ್ತರದ ಕಡೆ ಲೋಡ್ ಹಾಕಿಕೊಂಡು ಹೋದವನು ತಿರುಗಿ ಬರಲಿಲ್ಲ. ಲಾರಿ ಸಿಕ್ಕಿತು, ಅವನು ಸಿಗಲಿಲ್ಲ. ಹಾಗೆ ಕಾಣೆಯಾದವರು ಅಲ್ಲಿ ಲೆಕ್ಕವಿಲ್ಲದಷ್ಟು ಜನರಂತೆ. ಪೊಲೀಸರು ಕೈಬಿಟ್ಟ ಮೇಲೆ ಅವಳ ಅಮ್ಮ ತನ್ನಂಥದೇ ಬೇರೆ ಅಮ್ಮಂದಿರ ಜೊತೆ ಸೇರಿಕೊಂಡಳು. ಅವರೆಲ್ಲ ಬಯಲುಗಳಿಗೆ ಹೋಗಿ ಉದ್ದನೆಯ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಹೊಡೆದು, ಹೊರಗೆಳೆದು, ತುದಿ ಮೂಸಿ ನೋಡುತ್ತಾರಂತೆ. ನಾತ ಬಂದರೆ ಅಗೆಯುತ್ತಾರೆ.

"ಆದರೆ ಮನೆಯಲ್ಲಿ ಅವನ ಫೋಟೋ ಇಡೋಕೆ ಬಿಡಲ್ಲ ನಮ್ಮಮ್ಮ" ಅಂದಳು ಗೆಳತಿ. "ಇಟ್ಟರೆ ನಾವೇ ಅವನನ್ನ ಸಾಯಿಸಿದ ಹಾಗೆ ಅಂತಾಳೆ. ನನಗೆ ಗೊತ್ತು, ಅವನು ಇಲ್ಲ. ಇಷ್ಟು ವರ್ಷದಿಂದ ಎಲ್ಲರ ಮನೆ ದೀಪ ನೋಡ್ಕೊಂಡು ರಸ್ತೇಲಿ ನಿಂತಿರ್ತಾನೆ. ಯಾರೂ ಕರೆದಿಲ್ಲ. ಒಂದು ಲೋಟ ನೀರು ಸಹ ಇಟ್ಟಿಲ್ಲ."

"ಈ ಸಲ ಇಡ್ತೀಯಾ?"

"ಇಡ್ತೀನಿ. ಇಷ್ಟು ದೂರ ಬಂದು, ಆರಾಮವಾಗಿ ಕೂತು ನೋಡಿದರೆ ಅವಳಿಗೂ ಅರ್ಥ ಆಗತ್ತೆ."

"ಮೊದಲೇ ಒಂದು ಮಾತು ಹೇಳು" ಅಂದೆ. ಅವಳು ತಲೆಯಾಡಿಸಿದಳು. ಹೇಳಲಿಲ್ಲ.

ಅಮ್ಮ ಸಣ್ಣ ಮೈಕಟ್ಟಿನ ಹೆಂಗಸು. ಕತ್ತು, ಮುಂಗೈ ಬಿಸಿಲಿಗೆ ಸುಟ್ಟು ಕಪ್ಪಾಗಿದ್ದವು, ತೋಳು ಬೆಳ್ಳಗಿತ್ತು. ಅಂಗೈ ಮುಟ್ಟಿದರೆ ಮರದ ತೊಗಟೆ ಮುಟ್ಟಿದ ಹಾಗೆ. ಇಂಗ್ಲಿಷ್ ಬರುತ್ತಿರಲಿಲ್ಲ, ನನ್ನನ್ನು ನೋಡಿ ಕೆನ್ನೆ ತಟ್ಟಿದಳು.

ಮಕ್ಕಳು ಬರುವ ದಿನ ನಾನು ಬೆಳಿಗ್ಗೆಯೇ ಹೋದೆ. ಗೆಳತಿ ಮೆಟ್ಟಿಲು ಜೋಡಿಸಿಯಾಗಿತ್ತು. ನನ್ನ ಮಗಳ ಜಾಗದಲ್ಲಿ ಹಾಲಿನ ಬಟ್ಟಲು ಇಟ್ಟೆ, ಪಕ್ಕದಲ್ಲಿ ಫೋಟೋದಲ್ಲಿದ್ದ ಆಸ್ಪತ್ರೆಯ ಆ ಪುಟ್ಟ ಟೋಪಿ. ಮೇಲಿನ ಸಾಲಿನಲ್ಲಿ ಅಪ್ಪ, ಅಜ್ಜಿಯ ನಡುವೆ ಗೆಳತಿ ತಮ್ಮನ ಫೋಟೋ ಇಟ್ಟಳು. ಲಾರಿಯ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದ ಹುಡುಗ, ಅಕ್ಕನದ್ದೇ ಗುಂಡು ಮುಖ. ಅದರ ಮುಂದೆ ಒಂದು ದೊಡ್ಡ ಲೋಟದ ತುಂಬ ನೀರು.

ಅಮ್ಮ ಸ್ನಾನ ಮುಗಿಸಿ, ಒದ್ದೆ ಕೂದಲು ಹಿಂಡುತ್ತಾ ಕೋಣೆಯಿಂದ ಹೊರಗೆ ಬಂದಳು. ಮೆಟ್ಟಿಲು ನೋಡಿ ನಕ್ಕಳು. ಗಂಡನ ಫೋಟೋ ಮುಂದೆ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಅವಳ ಕೈ ಅಲ್ಲೇ ನಿಂತಿತು.

ಅವಳು ಕೂಗಾಡಬಹುದು, ಅಳಬಹುದು ಅಂದುಕೊಂಡೆ. ಎರಡನ್ನೂ ಮಾಡಲಿಲ್ಲ. ಮಗನ ಫೋಟೋ ಎತ್ತಿಕೊಂಡು, ಅದಕ್ಕೆ ಹತ್ತಿದ್ದ ಹೂವಿನ ಎಸಳನ್ನು ಉಗುರಿನಿಂದ ತೆಗೆದು, ಲಂಗಕ್ಕೆ ಒರೆಸಿದಳು. ಇನ್ನೊಂದು ಕೈಯಲ್ಲಿ ಲೋಟ ತೆಗೆದುಕೊಂಡು ಮಗನಿಗಿಟ್ಟ ನೀರನ್ನು ನಿಂತಲ್ಲೇ, ಗಟಗಟ, ಪೂರ್ತಿ ಕುಡಿದಳು. ಖಾಲಿ ಲೋಟವನ್ನು ಬೋರಲು ಹಾಕಿ ಮಗಳ ಕಡೆ ತಿರುಗಿ ಒಂದೇ ಒಂದು ಮಾತು ಹೇಳಿದಳು.

ಏನಂದಳು ಅಂತ ಆಮೇಲೆ ಗೆಳತಿಯನ್ನು ಕೇಳಿದೆ. "ನಾನು ಇನ್ನೂ ಹುಡುಕ್ತಾ ಇದೀನಿ, ನೀನು ಆಗಲೇ ಮುಗಿಸಿಬಿಟ್ಯಾ, ಅಂದಳು."

ಅಷ್ಟರಲ್ಲಿ ಅಮ್ಮನ ಕಣ್ಣು ಕೆಳಗಿನ ಸಾಲಿನ ಟೋಪಿಯ ಮೇಲೆ ಬಿತ್ತು. ನನ್ನ ಕಡೆ ಬೆರಳು ತೋರಿಸಿ ಏನೋ ಕೇಳಿದಳು. ಮಗಳು ಚುಟುಕಾಗಿ ಹೇಳಿದಳು. ಅಮ್ಮ ನನ್ನ ಹತ್ತಿರ ಬಂದು, ಫೋಟೋ ಹಿಡಿದ ಕೈಯಲ್ಲೇ ನನ್ನ ಮೊಣಕೈ ಹಿಡಿದು ಮಾತಾಡಿದಳು. ಗೆಳತಿ ಗೋಡೆ ನೋಡುತ್ತಾ ಇಂಗ್ಲಿಷಿನಲ್ಲಿ ಹೇಳಿದಳು, "ನಿನಗಾದರೂ ಗೊತ್ತಿದೆ, ಅಂತಿದ್ದಾಳೆ. ನಿನ್ನ ಮಗಳು ಎಲ್ಲಿದ್ದಾಳೆ ಅಂತ ನಿನಗಾದರೂ ಗೊತ್ತಿದೆ."

ನನಗೆ ಏನು ಗೊತ್ತಿತ್ತು? ಸಮುದ್ರ ಅಂತ ಗೊತ್ತಿತ್ತು. ಯಾವ ಕಡೆ, ಎಷ್ಟು ದೂರ ಅಂತ ಕೂಡ ಗಂಡನನ್ನು ಕೇಳಿರಲಿಲ್ಲ. ಆದರೂ ತಲೆಯಾಡಿಸಿದೆ. ಮಗನನ್ನು ಮಣ್ಣಿನಲ್ಲಿ ಮೂಸಿ ಹುಡುಕುವವಳ ಮುಂದೆ ಇನ್ನೇನು ಹೇಳುವುದು. ಅವಳಿಗೆ ಮಗನ ನಗು, ದನಿ, ಊಟ, ಚೇಷ್ಟೆ ಎಲ್ಲ ಗೊತ್ತಿತ್ತು, ಸಾವೊಂದು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಸಾವೊಂದೇ. ನಾವಿಬ್ಬರೂ ಆ ಹೊಗೆ ತುಂಬಿದ ಮನೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಾ ನಿಂತೆವು. ಒಬ್ಬರಿಂದ ಒಬ್ಬರಿಗೆ ಸಮಾಧಾನ ಆಯಿತು ಅಂತ ಬರೆಯಲು ಆಸೆ. ಆಗಲಿಲ್ಲ.

ಅಮ್ಮ ಅಂದುಕೊಂಡದ್ದಕ್ಕಿಂತ ಮುಂಚೆಯೇ ಹೊರಟುಹೋದಳು. ಅವಳನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ ಮೇಲೆ ಗೆಳತಿ ಮೆಟ್ಟಿಲಿನ ಪೆಟ್ಟಿಗೆಗಳನ್ನು ಕಾರಿಡಾರಿಗೆ ತಂದು ತುಳಿದು ಮಡಚಿದಳು. "ಫೋನ್ ಮಾಡಿದರೆ ತಗೋತಾಳಾ?" ಅಂತ ಆಮೇಲಿನ ದಿನಗಳಲ್ಲಿ ಕೇಳುತ್ತಿದ್ದೆ. "ತಗೋತಾಳೆ. ಹವಾಮಾನ ಹೇಳ್ತಾಳೆ" ಅನ್ನುತ್ತಿದ್ದಳು. ಆ ಮನೆಯಲ್ಲಿ ಮತ್ತೆ ಚೆಂಡುಹೂವಿನ ವಾಸನೆ ಬರಲಿಲ್ಲ. ಮಾರನೆಯ ವರ್ಷ ಹಬ್ಬಕ್ಕೆ ಮೊದಲೇ ಅವಳ ಗಂಡನ ಕಾಂಟ್ರ್ಯಾಕ್ಟ್ ಮುಗಿದು, ಇಬ್ಬರೂ ಬೇರೆ ದೇಶಕ್ಕೆ ಹೊರಟರು. ಸ್ವಲ್ಪ ದಿನ ಮೆಸೇಜ್ ಮಾಡುತ್ತಿದ್ದಳು. ಕೊನೆಯದರಲ್ಲಿ, ಅವರೂರ ಹತ್ತಿರದ ಒಂದು ಹೊಲದಲ್ಲಿ ಮೂಳೆಗಳು ಸಿಕ್ಕವು, ಟೆಸ್ಟ್ ಮಾಡಿಸಿದರು, ಅವನದ್ದಲ್ಲ ಅಂತ ಬರೆದಿದ್ದಳು. "ಅಮ್ಮ ಖುಷಿಯಾಗಿದ್ದಾಳೆ. ನನಗೆ ಆ ಖುಷಿ ನೋಡೋಕೆ ಆಗ್ತಿಲ್ಲ." ಉತ್ತರ ನಾಳೆ ಬರೆದರಾಯಿತು ಅಂದುಕೊಂಡೆ. ಆಮೇಲೆ ಅವಳ ನಂಬರ್ ಬದಲಾಯಿತು.

ಗೆಳತಿ ಊರು ಬಿಟ್ಟ ವರ್ಷ ನಾನೊಬ್ಬಳೇ ತೆಕ್ಕಾಗೆ ಹೋಗಿ ಹಾರ ತಂದೆ. ಆಫೀಸಿಗೆ ರಜೆ ಹಾಕಿ, ಗಂಡ ಕೆಲಸಕ್ಕೆ ಹೋದ ಮೇಲೆ, ನಮ್ಮ ನಡುಮನೆಯಲ್ಲೇ ಒಂದು ಮಣೆ ಹಾಕಿ ಹಾಲು, ನೀರು, ಟೋಪಿ ಇಟ್ಟೆ. ಬಾಗಿಲಿನಿಂದ ಎಸಳು ಉದುರಿಸಿದೆ. ಮೂರನೆಯ ವರ್ಷ, ಈಗ ದಾರಿ ಗೊತ್ತಾಗಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಕಣ್ಣು ಮುಚ್ಚಿ ಮಗಳ ಮುಖ ನೆನೆಸಿಕೊಳ್ಳಲು ನೋಡಿದೆ. ಕಂಡದ್ದು ಬಿಸಿಲಿನ ಬಯಲು, ಕಬ್ಬಿಣದ ಸಲಾಕೆ, ಅದರ ತುದಿ ಮೂಸುತ್ತಿರುವ ಒಬ್ಬ ಮುದುಕಿ. ಎಷ್ಟು ಪ್ರಯತ್ನಪಟ್ಟರೂ ಅದೇ. ನನ್ನ ಮಗಳ ಜಾಗಕ್ಕೆ ಬೇರೆಯವರ ದುಃಖ ಬಂದು ಕೂತಿತ್ತು. ಅವಳದ್ದು ಅಂತ ಅಲ್ಲಿ ಏನಾದರೂ ಇದ್ದಿದ್ದರೆ ತಾನೇ ಅವಳು ಬರುವುದು? ಗಂಡ ಬರುವ ಮೊದಲೇ ಎಲ್ಲ ಎತ್ತಿ, ಎಸಳು ಗುಡಿಸಿ, ನೆಲ ಒರೆಸಿದೆ. ಅವನು ಬಂದವನೇ ಮೂಗರಳಿಸಿ ಒಂದು ಗಳಿಗೆ ನಿಂತ. ಆಮೇಲೆ ಬೂಟು ಬಿಚ್ಚಿ ಒಳಗೆ ಹೋದ. ಆಮೇಲಿನ ವರ್ಷ ನಾನು ಹೂವು ತರಲಿಲ್ಲ.

ನಾವು ಈಗ ಊರಿನ ಇನ್ನೊಂದು ತುದಿಗೆ, ಬುಕಿತ್ ಬಾಟೋಕ್‌ಗೆ ಶಿಫ್ಟ್ ಆಗಿದ್ದೇವೆ. ಮತ್ತೆ ಮಕ್ಕಳಾಗಲಿಲ್ಲ, ಆಗಲಿ ಅಂತ ಇಬ್ಬರೂ ಹೆಚ್ಚು ದಿನ ಆಸೆಪಡಲಿಲ್ಲ. ಮೊನ್ನೆ ಲಿಫ್ಟಿನಲ್ಲಿ ನಮ್ಮ ಕನ್ನಡ ಕೇಳಿ ಒಬ್ಬರು ಆಂಟಿ ಮಾತಾಡಿಸಿದರು. ಮಗನ ಮನೆಗೆ ಬಂದಿದ್ದರಂತೆ, ಬೆಂಗಳೂರಿನವರು. ಊರು, ಕೆಲಸ, ಎಷ್ಟು ವರ್ಷವಾಯಿತು ಬಂದು, ಎಲ್ಲ ಕೇಳಿ, "ಮಕ್ಕಳೆಷ್ಟು?" ಅಂದರು.

ಗಂಡ ಬಾಗಿಲ ಮೇಲೆ ಬದಲಾಗುತ್ತಿದ್ದ ಮಹಡಿಯ ನಂಬರುಗಳನ್ನು ನೋಡುತ್ತಿದ್ದ.

"ಇಲ್ಲ ಆಂಟಿ" ಅಂದೆ.

"ಆಗತ್ತೆ ಬಿಡಿ, ವಯಸ್ಸೇನಾಗಿದೆ" ಅಂದರು. ಬಾಗಿಲು ತೆರೆಯಿತು. ಅವರಿಗೆ ದಾರಿ ಬಿಟ್ಟು ನಾವು ಹಿಂದೆ ಸರಿದು ನಿಂತೆವು.